ಟೀಕೆನೋ ವಿಮರ್ಶೆನೋ? ಕ್ರಿಟಿಸಿಸಂ ಅನ್ನೋ ಪದವನ್ನು ಕನ್ನಡದಲ್ಲಿ ಬಳಸೋದು ಹೇಗೆ

ಹೋದ ತಿಂಗಳು ಚಿಕ್ಕಮ್ಮನ ಮಗಳು ಮೆಸೇಜ್ ಮಾಡಿದಳು. "ಅಣ್ಣಾ, ಕ್ರಿಟಿಸಿಸಂಗೆ ಕನ್ನಡದಲ್ಲಿ ಏನಂತಾರೆ? ಅರ್ಜೆಂಟ್." ನಾನು ಬಸ್ಸಿನಲ್ಲಿ ನಿಂತಿದ್ದೆ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. "ಟೀಕೆ" ಅಂತ ಒತ್ತಿ ಸುಮ್ಮನಾದೆ. ಎರಡು ದಿನ ಬಿಟ್ಟು ಅವಳಿಂದ ಒಂದು ಫೋಟೋ ಬಂತು. ಅವಳ ಆಫೀಸಿನ ಕ್ಯಾಂಟೀನಿನ ಗೋಡೆಗೆ ಒಂದು ಮರದ ಡಬ್ಬ ಹೊಡೆದಿದ್ದಾರೆ, ಅದರ ಮೇಲೆ ದಪ್ಪ ಅಕ್ಷರದಲ್ಲಿ "ಟೀಕೆ ಪೆಟ್ಟಿಗೆ".

ತಪ್ಪು ನನ್ನದೇ. ಆ ಪೆಟ್ಟಿಗೆಗೆ ಮೊದಲ ವಾರ ಬಿದ್ದ ಚೀಟಿಗಳೆಲ್ಲ ಬೈಗುಳವಂತೆ. ಬೀಳದೆ ಇನ್ನೇನು, ಟೀಕೆ ಹಾಕಿ ಅಂತ ಬರೆದರೆ ಜನ ಟೀಕೆಯನ್ನೇ ಹಾಕುತ್ತಾರೆ. ಇನ್ನೊಂದು ತಮಾಷೆ, ಅಲ್ಲಿ ಕೆಲಸ ಮಾಡೋ ಹಿಂದಿ ಹುಡುಗನೊಬ್ಬ ಅದನ್ನು ಓದಿಸಿಕೊಂಡು "ಇಲ್ಲಿ ಯಾವ ಲಸಿಕೆ ಹಾಕ್ತಾರೆ?" ಅಂತ ಕೇಳಿದನಂತೆ. ಹಿಂದಿಯಲ್ಲಿ ಟೀಕಾ ಅಂದರೆ ಲಸಿಕೆ, ಹಣೆಯ ತಿಲಕಕ್ಕೂ ಅದೇ ಮಾತು.

ನಾನು ಅನುವಾದ ಮಾಡಿ ಹೊಟ್ಟೆ ಹೊರೆಯೋನು. ಕೊನೆಪಕ್ಷ ನಾನಾದರೂ ಒಂದು ನಿಮಿಷ ಯೋಚನೆ ಮಾಡಬೇಕಿತ್ತು. ಆ ಪಾಪ ತೊಳೆಯೋಕೆ ಇದನ್ನು ಬರೆಯುತ್ತಿದ್ದೇನೆ. ಇಂಗ್ಲಿಷಿನ ಆ ಒಂದು ಪದದ ಜಾಗದಲ್ಲಿ ಕನ್ನಡದಲ್ಲಿ ಏಳೆಂಟು ಪದ ಇವೆ, ಒಂದರ ಕೆಲಸ ಇನ್ನೊಂದು ಮಾಡೋದಿಲ್ಲ. ಯಾರು, ಯಾರಿಗೆ, ಏನನ್ನು ನೋಡಿ ಹೇಳುತ್ತಿದ್ದಾರೆ ಅಂತ ಕೇಳಿಕೊಂಡರೆ ಯಾವುದನ್ನು ಹಾಕಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಮೊದಲು ಹುಟ್ಟು ನೋಡೋಣ, ಬೇಗ ಮುಗಿಸುತ್ತೇನೆ. ಕ್ರಿಟಿಸಿಸಂ ಅನ್ನೋದರ ಬೇರು ಗ್ರೀಕ್ ಭಾಷೆಯದು, ಬೇರ್ಪಡಿಸು, ತೀರ್ಮಾನಿಸು ಅನ್ನೋ ಅರ್ಥದ ಕ್ರಿಯಾಪದ. ಅಕ್ಕಿಯಲ್ಲಿ ಕಲ್ಲು ಆರಿಸೋ ಕೆಲಸ ಅಂದುಕೊಳ್ಳಿ. ಕ್ರೈಸಿಸ್ ಕೂಡ ಅದೇ ಬೇರಿನಿಂದ ಬಂದಿದ್ದು. ಆಸ್ಪತ್ರೆಯವರು "ಪೇಷೆಂಟ್ ಕ್ರಿಟಿಕಲ್" ಅನ್ನೋದಕ್ಕೂ ಮೇಷ್ಟ್ರು "ಕ್ರಿಟಿಕಲ್ ಆಗಿ ಯೋಚನೆ ಮಾಡಿ" ಅನ್ನೋದಕ್ಕೂ ಇರೋ ನೆಂಟಸ್ತಿಕೆ ಅಷ್ಟೇ. ಕನ್ನಡದಲ್ಲಿ ಮೊದಲನೆಯದು ಗಂಭೀರ ಅಥವಾ ಚಿಂತಾಜನಕ, ಎರಡನೆಯದು ವಿಮರ್ಶಾತ್ಮಕ. ಇವೆರಡನ್ನು ಅದಲು ಬದಲು ಮಾಡಿದ ಅನುವಾದ ನಾನು ಕಣ್ಣಾರೆ ನೋಡಿದ್ದೇನೆ, ರೋಗಿಯ ಸ್ಥಿತಿ ವಿಮರ್ಶಾತ್ಮಕವಾಗಿತ್ತು.

ಟೀಕೆಯ ಕಥೆ ಇನ್ನೂ ಚೆನ್ನಾಗಿದೆ. ಸಂಸ್ಕೃತದಲ್ಲಿ ಟೀಕಾ ಅಂದರೆ ವಿವರಣೆ, ಕಷ್ಟದ ಗ್ರಂಥವನ್ನು ಬಿಡಿಸಿ ಹೇಳೋದು. ಮಧ್ವಾಚಾರ್ಯರ ಕೃತಿಗಳಿಗೆ ವ್ಯಾಖ್ಯಾನ ಬರೆದ ಜಯತೀರ್ಥರನ್ನು ಟೀಕಾಚಾರ್ಯರು ಅಂತ ಕರೆಯುತ್ತಾರೆ. ಅವರು ಯಾರನ್ನೂ ಬೈದುಕೊಂಡು ಓಡಾಡಿದವರಲ್ಲ, ಗುರುಗಳ ಮಾತಿಗೆ ಅರ್ಥ ಹೇಳಿದವರು. ವಿವರಿಸೋ ಪದ ಹೋಗುತ್ತ ಹೋಗುತ್ತ ತಪ್ಪು ಎತ್ತಿ ತೋರಿಸೋ ಪದ ಆಯಿತು. ಈಗ "ಟೀಕೆ ಟಿಪ್ಪಣಿ" ಅನ್ನೋ ಜೋಡಿಯಲ್ಲಿ ಮಾತ್ರ ಹಳೇ ವಾಸನೆ ಒಂಚೂರು ಉಳಿದಿದೆ.

ವಿಮರ್ಶೆಯ ಬೇರು ಮೃಶ್, ಮುಟ್ಟು, ಸವರು ಅಂತ. ಪರಾಮರ್ಶೆ ಅನ್ನೋದೂ ಅಲ್ಲಿಂದಲೇ. ಅಂಗಡಿಯಲ್ಲಿ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡುತ್ತಾರಲ್ಲ, ಅದು ವಿಮರ್ಶೆ. ನೋಡಿ ಆದ ಮೇಲೆ "ಚೆನ್ನಾಗಿದೆ, ಹಾಕಿ" ಅನ್ನಬಹುದು, "ಬೇಡ" ಅಂತ ಪಕ್ಕಕ್ಕೆ ಸರಿಸಬಹುದು. ಟೀಕೆಯಲ್ಲಿ ಮಾತ್ರ "ಹಾಕಿ" ಅನ್ನೋ ಬಾಗಿಲು ಮುಚ್ಚಿರುತ್ತದೆ.

ಇದರಿಂದ ಒಂದು ಸುಲಭದ ಪರೀಕ್ಷೆ ಸಿಗುತ್ತದೆ. ಆ ಪದದ ಹಿಂದೆ "ಒಳ್ಳೆ" ಹಾಕಿ ನೋಡಿ. "ಸಿನಿಮಾಗೆ ಒಳ್ಳೆ ವಿಮರ್ಶೆ ಬಂದಿದೆ" ಸರಿಯಾಗಿ ಕೂರುತ್ತದೆ. "ಸಿನಿಮಾಗೆ ಒಳ್ಳೆ ಟೀಕೆ ಬಂದಿದೆ" ಅಂದರೆ ಕೇಳಿದವರು ನಿಮ್ಮ ಮುಖ ನೋಡುತ್ತಾರೆ. ಎರಡನೇ ಪರೀಕ್ಷೆ, ಹಿಂದೆ "ಆತ್ಮ" ಹಾಕಿ. ಆತ್ಮವಿಮರ್ಶೆ ಇದೆ, ಆತ್ಮನಿಂದೆ ಇದೆ, ಆತ್ಮಟೀಕೆ ಅಂತ ಯಾರೂ ಅನ್ನೋದಿಲ್ಲ. ನಮ್ಮನ್ನು ನಾವು ಪರೀಕ್ಷೆ ಮಾಡಿಕೊಳ್ಳಬಹುದು, ಹಳಿದುಕೊಂಡು ರಾತ್ರಿಯೆಲ್ಲ ನಿದ್ದೆಗೆಡಬಹುದು, ಟೀಕೆಗೆ ಮಾತ್ರ ಎದುರಿಗೆ ಇನ್ನೊಬ್ಬ ಇರಲೇಬೇಕು. (ಚುನಾವಣೆ ಸೋತ ಪಕ್ಷಗಳು ಇದ್ಯಾವುದೂ ಬೇಡ ಅಂತ "ಆತ್ಮಾವಲೋಕನ" ಅನ್ನುತ್ತವೆ. ಅದರಲ್ಲಿ ತಪ್ಪು ಸಿಗಲೇಬೇಕು ಅಂತೇನೂ ಇಲ್ಲ ನೋಡಿ.)

ಪದಕ್ಕೆ ಜೊತೆ ಯಾವುದು ಅನ್ನೋದರಲ್ಲೂ ಜನ ಎಡವುತ್ತಾರೆ. ಟೀಕೆ ಬಂದು ಬೀಳೋ ವಸ್ತು. ಟೀಕೆಗೆ ಗುರಿಯಾಗುತ್ತೇವೆ, ಟೀಕೆಗೆ ಒಳಗಾಗುತ್ತೇವೆ, ಟೀಕೆಗಳ ಸುರಿಮಳೆ ಆಗುತ್ತದೆ, ಟೀಕಾಪ್ರಹಾರ ನಡೆಯುತ್ತದೆ. ವಿಮರ್ಶೆಯನ್ನು ಮಾಡುತ್ತಾರೆ, ಬರೆಯುತ್ತಾರೆ, ಅದು ಪ್ರಕಟ ಆಗುತ್ತದೆ. "ವಿಮರ್ಶೆಗಳ ಸುರಿಮಳೆ" ಅಂದರೆ ನಗು ಬರುತ್ತದೆ. "ಟೀಕೆಗೆ ಪಾತ್ರರಾದರು" ಅನ್ನೋದು ಈಗ ಎಲ್ಲೆಲ್ಲೂ ಕಾಣುತ್ತದೆ, ನನಗಂತೂ ಕಿವಿಗೆ ಒಗ್ಗೋದಿಲ್ಲ. ಪಾತ್ರರಾಗೋದು ಮೆಚ್ಚುಗೆಗೆ, ಪ್ರೀತಿಗೆ, ಕೃಪೆಗೆ. ಟೀಕೆಗೆ ಗುರಿಯಾದರು ಅಂದರೆ ಸಾಕು. ಹಾಗೆಯೇ ಸಿನಿಮಾ ಪೋಸ್ಟರುಗಳಲ್ಲಿ ಬರೋ "ಕ್ರಿಟಿಕಲಿ ಅಕ್ಲೇಮ್ಡ್" ಅನ್ನೋ ಇಂಗ್ಲಿಷ್ ಹೊಗಳಿಕೆಯನ್ನು "ಟೀಕಾತ್ಮಕವಾಗಿ ಪ್ರಶಂಸಿಸಲ್ಪಟ್ಟ" ಅಂತ ಅನುವಾದದ ಮೆಷಿನ್ನು ಕಕ್ಕುತ್ತದೆ. ಕನ್ನಡದಲ್ಲಿ ಅದು "ವಿಮರ್ಶಕರ ಮೆಚ್ಚುಗೆ ಗಳಿಸಿದ". ಅಷ್ಟೇ.

ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಗಂಟು ಬೀಳುತ್ತದೆ. ತೆಲುಗಿನಲ್ಲಿ, ತಮಿಳಿನಲ್ಲಿ ರಾಜಕಾರಣಿ ಎದುರಾಳಿಯ ಮೇಲೆ ಹರಿಹಾಯೋದಕ್ಕೂ ವಿಮರ್ಶೆಯನ್ನೇ ಬಳಸುತ್ತಾರೆ. ಹಾಗಾಗಿ ಮನೆಯಲ್ಲಿ ತೆಲುಗು ಮಾತಾಡೋ ಗೆಳೆಯ "ಅವನು ನನ್ನನ್ನ ತುಂಬಾ ವಿಮರ್ಶೆ ಮಾಡ್ದ" ಅಂದರೆ, ಅವನ ಮೇಲೆ ಯಾರೋ ಸಾಹಿತ್ಯ ಪ್ರಬಂಧ ಬರೆದಿದ್ದಾರೆ ಅಂದುಕೊಳ್ಳಬೇಡಿ. ಚೆನ್ನಾಗಿ ಉಗಿಸಿಕೊಂಡು ಬಂದಿದ್ದಾನೆ.

ಇನ್ನು ನ್ಯೂಸಿನ ಭಾಷೆ. ಇದು ನನಗೆ ಬಹಳ ಇಷ್ಟದ ವಿಷಯ. ಕನ್ನಡ ಪತ್ರಿಕೆ, ಚಾನೆಲ್ಲುಗಳಲ್ಲಿ "ಟೀಕಿಸಿದರು" ಅನ್ನೋದು ಅನ್ನ ಇದ್ದ ಹಾಗೆ, ಸಪ್ಪೆ. ರುಚಿಗೆ ಬೇರೆ ಪದಗಳಿವೆ, ಮತ್ತೆ ಅವು ಸುಮ್ನೆ ಬರೋದಿಲ್ಲ, ಯಾರು ಮೇಲೆ ಯಾರು ಕೆಳಗೆ ಅಂತ ನೋಡಿಕೊಂಡು ಬರುತ್ತವೆ. ಮಂತ್ರಿ ಅಧಿಕಾರಿಗೆ ಹೇಳಿದರೆ ಅದು "ತರಾಟೆಗೆ ತೆಗೆದುಕೊಂಡರು", "ಚಳಿ ಬಿಡಿಸಿದರು", "ಬಿಸಿ ಮುಟ್ಟಿಸಿದರು". ಇಬ್ಬರು ಸರಿಸಮ ರಾಜಕಾರಣಿಗಳಾದರೆ "ವಾಗ್ದಾಳಿ", "ಕಿಡಿಕಾರಿದರು", "ಹರಿಹಾಯ್ದರು", ಸ್ವಲ್ಪ ತಮಾಷೆ ಇದ್ದರೆ "ಟಾಂಗ್ ಕೊಟ್ಟರು", "ಕುಟುಕಿದರು", "ಲೇವಡಿ ಮಾಡಿದರು". ಕೋರ್ಟು ಹೇಳಿದರೆ "ಛೀಮಾರಿ ಹಾಕಿತು", "ಚಾಟಿ ಬೀಸಿತು". ಕೆಳಗಿನವರು ಮೇಲಿನವರ ಬಗ್ಗೆ ಹೇಳಿದರೆ? ಆಗ ಅದು ಟೀಕೆಯೇ ಅಲ್ಲ. "ಅಸಮಾಧಾನ ಹೊರಹಾಕಿದರು", "ಅಳಲು ತೋಡಿಕೊಂಡರು". ರಸ್ತೆ ಗುಂಡಿಯ ಬಗ್ಗೆ ಶಾಸಕರು ಮಾತಾಡಿದರೆ ತರಾಟೆ, ಅದೇ ಗುಂಡಿಯಲ್ಲಿ ಬಿದ್ದವನು ಅದೇ ಮಾತಾಡಿದರೆ ಅಳಲು! ಬಿದ್ದವನು ಹೇಳಿದ್ದು ಇನ್ನೂ ಖಾರವಾಗಿದ್ದರೂ ಅಷ್ಟೇ. ನೀವು ಬರೆಯುವಾಗ ಈ ಪದಗಳನ್ನು ಹಾಕಿದರೆ ಯಾರು ದೊಡ್ಡವರು ಅಂತ ನೀವೇ ತೀರ್ಪು ಕೊಟ್ಟ ಹಾಗೆ ಆಗುತ್ತದೆ. ಅದು ಬೇಡ ಅಂದರೆ "ಆಕ್ಷೇಪಿಸಿದರು" ಅನ್ನಿ, ಅದು ಎಲ್ಲರಿಗೂ ಹೊಂದುತ್ತದೆ. "ಖಂಡಿಸಿದರು" ಅನ್ನೋದನ್ನು ಆಗಬಾರದ್ದು ಆದಾಗ ಮಾತ್ರ ಇಟ್ಟುಕೊಳ್ಳಿ, ಹಲ್ಲೆಗೆ, ಅನ್ಯಾಯಕ್ಕೆ. ಕಾಫಿಗೆ ಸಕ್ಕರೆ ಕಡಿಮೆ ಆಗಿದ್ದನ್ನು ಖಂಡಿಸೋಕೆ ಆಗೋದಿಲ್ಲ.

ನಿಂದೆ ಬೇರೆಯೇ ಜಾತಿ. ಟೀಕೆಗೆ ಒಂದು ಕಾರಣ ಇರುತ್ತದೆ, ನಿಂದೆಗೆ ಒಬ್ಬ ಮನುಷ್ಯ ಇದ್ದರೆ ಸಾಕು. ಇವೆರಡರ ನಡುವಿನ ಗೆರೆ ಎಲ್ಲಿದೆ ಅಂತ ತುಂಬಾ ಜನ ಕೇಳುತ್ತಾರೆ, ಅದಕ್ಕೆ ನನಗೆ ಗೊತ್ತಿರೋದರಲ್ಲಿ ಒಳ್ಳೆ ಉತ್ತರ ಕಾನೂನಿನ ಪುಸ್ತಕದಲ್ಲಿದೆ. ಮಾನನಷ್ಟದ ಕಲಂ ಮೊದಲು 1860ರ ಭಾರತೀಯ ದಂಡ ಸಂಹಿತೆಯಲ್ಲಿ 499 ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 356. ಅದಕ್ಕೆ ಇರೋ ವಿನಾಯಿತಿಗಳಲ್ಲಿ ಒಂದು, ಜನರ ಮುಂದೆ ಇಟ್ಟ ಕೃತಿಯ ಗುಣದೋಷದ ಬಗ್ಗೆ ಒಳ್ಳೆ ಮನಸ್ಸಿನಿಂದ ಹೇಳಿದ ಅಭಿಪ್ರಾಯ. ಪುಸ್ತಕ, ಭಾಷಣ, ನಟನೆ, ಹಾಡುಗಾರಿಕೆ ಎಲ್ಲ ಅದರಲ್ಲಿ ಬರುತ್ತವೆ. ಕಾನೂನು ಕೊಡೋ ಉದಾಹರಣೆ ಹೀಗಿದೆ. ಒಬ್ಬ ಹೇಳುತ್ತಾನೆ, "ಇವನ ಪುಸ್ತಕ ಪೆದ್ದುಪೆದ್ದಾಗಿದೆ, ಇವನು ದುರ್ಬಲ ಮನುಷ್ಯನೇ ಇರಬೇಕು." ಇದು ನಡೆಯುತ್ತದೆ. ಇನ್ನೊಬ್ಬ ಹೇಳುತ್ತಾನೆ, "ಇವನ ಪುಸ್ತಕ ಪೆದ್ದಾಗಿರೋದರಲ್ಲಿ ಆಶ್ಚರ್ಯ ಏನಿಲ್ಲ, ಮೊದಲೇ ಇವನು ದುರ್ಬಲ, ಲಂಪಟ." ಇದು ನಡೆಯೋದಿಲ್ಲ.

ಎರಡೂ ಬೈಗುಳವೇ ಅಲ್ವಾ? ಆದರೆ ದಿಕ್ಕು ನೋಡಿ. ಮೊದಲನೆಯವನು ಪುಸ್ತಕ ಓದಿ, ಅಲ್ಲಿಂದ ಮನುಷ್ಯನ ಕಡೆ ಬಂದ. ಎರಡನೆಯವನು ಮನುಷ್ಯನನ್ನು ಮೊದಲೇ ಅಳೆದು, ಆಮೇಲೆ ಪುಸ್ತಕದ ಕಡೆ ತಿರುಗಿದ. ಈ ಒಂದು ಸಣ್ಣ ವ್ಯತ್ಯಾಸ ಗೊತ್ತಿದ್ದರೆ ಅಪಾರ್ಟ್‌ಮೆಂಟ್ ಗ್ರೂಪಿನ ಅರ್ಧ ಜಗಳ ಬಿಡಿಸಬಹುದು. "ಈ ತಿಂಗಳ ಲೆಕ್ಕದಲ್ಲಿ ಡೀಸೆಲ್ ಖರ್ಚು ಎರಡು ಸಲ ಬಂದಿದೆ" ಅನ್ನೋದು ಟೀಕೆ. "ಸೆಕ್ರೆಟರಿ ಅಂಥವರೇ, ಲೆಕ್ಕ ಇನ್ನೇನು ಇರುತ್ತೆ" ಅನ್ನೋದು ನಿಂದೆ. ಕೋರ್ಟಿನ ವಿಷಯದಲ್ಲೂ ಹೀಗೇ, ನ್ಯಾಯಾಂಗ ನಿಂದನೆ ಅಪರಾಧ, ಆದರೆ ತೀರ್ಮಾನ ಆಗಿಹೋದ ಕೇಸಿನ ಗುಣದೋಷದ ಬಗ್ಗೆ ನ್ಯಾಯವಾಗಿ ಟೀಕೆ ಮಾಡಿದರೆ ಅದು ನಿಂದನೆ ಅಲ್ಲ ಅಂತ 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಕಲಂ ಹೇಳುತ್ತದೆ.

ಮನೆಮಾತಿನಲ್ಲಿ ಇಷ್ಟೆಲ್ಲ ಸಂಸ್ಕೃತ ಬೇಕಿಲ್ಲ. ಹೊಗಳು, ತೆಗಳು ಅನ್ನೋ ಜೋಡಿ ಇದೆ. ಬೆನ್ನ ಹಿಂದೆ ಮಾತಾಡಿದರೆ ಆಡಿಕೊಳ್ಳೋದು. ಹಳೇದನ್ನು ಎತ್ತಿ ಎತ್ತಿ ಚುಚ್ಚಿದರೆ ಮೂದಲಿಸೋದು. ಎಲ್ಲದರಲ್ಲೂ ತಪ್ಪು ಹುಡುಕಿದರೆ ಕೊಂಕು ತೆಗೆಯೋದು, ಅದೂ ಅತಿಯಾದರೆ ಮೊಸರಲ್ಲಿ ಕಲ್ಲು ಹುಡುಕೋದು. ಸ್ನೇಹಿತರ ನಡುವೆ ಕಾಲೆಳೆಯೋದು. ಇವಕ್ಕೆಲ್ಲ ಟೀಕೆ ಅಂತ ಒಂದೇ ಮೊಹರು ಒತ್ತಿದರೆ ಕನ್ನಡಕ್ಕೇ ನಷ್ಟ.

ಮತ್ತೆ ನಮ್ಮ ಊರಿನ "ಪರವಾಗಿಲ್ಲ". ಇದನ್ನು ಹೊರಗಿನಿಂದ ಬಂದವರಿಗೆ ನಿಜವಾಗಿ ಕಲಿಸಬೇಕು. ಹೊಸ ಅಂಗಿ ಹಾಕಿಕೊಂಡು ಹೋಗಿ ಕೇಳಿದಾಗ "ಹೂಂ, ಪರ್ವಾಗಿಲ್ಲ" ಅಂದರೆ ಆ ಅಂಗಿಯನ್ನು ಇನ್ನೊಂದು ಸಲ ಹಾಕಬೇಡಿ. "ಪರ್ವಾಗಿಲ್ವೇ!" ಅಂತ ಹುಬ್ಬು ಏರಿಸಿದರೆ ಅದು ಮೆಚ್ಚುಗೆ. ಕಾಲು ತುಳಿದು ಸಾರಿ ಕೇಳಿದಾಗ "ಪರವಾಗಿಲ್ಲ ಬಿಡಿ" ಅಂದರೆ ಕ್ಷಮೆ. ಒಂದೇ ಮಾತು.

ಈಗ ಹೇಳೋ ರೀತಿಗೆ ಬರೋಣ. ಪದ ಗೊತ್ತಾದರೆ ಸಾಲದು, ಬಾಯಿಂದ ಹೊರಗೆ ಹೇಗೆ ಬರುತ್ತದೆ ಅನ್ನೋದೂ ಬೇಕಲ್ಲ.

ಕನ್ನಡದಲ್ಲಿ ಇದಕ್ಕೆ ಒಳ್ಳೆ ಸೌಕರ್ಯ ಇದೆ, "ಮಾಡು" ಬದಲು "ಆಗು". ನಮ್ಮ ಬೀದಿ ತುದಿಯ ದರ್ಶಿನಿಯಲ್ಲಿ ಬೆಳಗ್ಗೆ ಎಂಟೂವರೆಗೆ ಇಡ್ಲಿ ಕೌಂಟರಿನ ಮುಂದೆ ನಿಂತು ಗಮನಿಸಿ. ಒಬ್ಬರು, "ಏನ್ರೀ, ಚಟ್ನಿಗೆ ಬರೀ ನೀರು ಹಾಕಿದೀರ." ಒಳಗಿನವನು ತಲೆ ಎತ್ತೋದೇ ಇಲ್ಲ, ಟೋಕನ್ ಕಿತ್ತುಕೊಂಡು ಮುಂದಿನವರನ್ನು ನೋಡುತ್ತಾನೆ. ಇನ್ನೊಬ್ಬರು ಹಿರಿಯರು, ದಿನಾ ಬರೋರು, "ಅಣ್ಣಾ, ಚಟ್ನಿ ಇವತ್ತು ಯಾಕೋ ನೀರಾಗಿದೆ." ಅವನು ಸೌಟು ಅದ್ದಿ ಎತ್ತಿ ನೋಡಿದ, "ಹೌದಲ್ವಾ ಸಾರ್" ಅಂದ, ಹಿಂದೆ ತಿರುಗಿ ಕೂಗಿದ. ಎರಡೂ ಒಂದೇ ದೂರು. ಎರಡನೆಯದರಲ್ಲಿ ತಪ್ಪು ಮಾಡಿದವನೇ ಇಲ್ಲ, ಚಟ್ನಿ ತಾನೇ ನೀರಾಗಿದೆ. ನಮ್ಮ ಅಜ್ಜಿ ಸಾರಿಗೆ "ಉಪ್ಪು ಒಂಚೂರು ಮುಂದಾಗಿದೆ" ಅನ್ನುತ್ತಿದ್ದರು. ಹಾಕಿದ ಸೊಸೆಯನ್ನು ಹಿಂದೆ ಬಿಟ್ಟು ಉಪ್ಪೇ ಎರಡು ಹೆಜ್ಜೆ ಮುಂದೆ ನಡೆದುಬಿಟ್ಟ ಹಾಗೆ!

"ಮಾಡಬೇಕಿತ್ತು" ಮತ್ತೆ "ಮಾಡಬಹುದಿತ್ತು" ಇವೆರಡರ ನಡುವೆಯೂ ಇಷ್ಟೇ ದೂರ ಇದೆ. ಮೊದಲನೆಯದರಲ್ಲಿ ಕಟಕಟೆ ಕಾಣುತ್ತದೆ. ಆಫೀಸಿನಲ್ಲಿ ಕೆಳಗಿನವರ ಕೆಲಸ ನೋಡುವಾಗ "ಬಹುದಿತ್ತು" ಬಳಸಿ. ಸೇಫ್ಟಿ ವಿಷಯ, ದುಡ್ಡಿನ ವಿಷಯ ಆದರೆ ಮಾತ್ರ "ಬೇಕಿತ್ತು" ಅಂತಲೇ ಹೇಳಿ, ಅಲ್ಲಿ ಮೃದುವಾಗೋದು ಒಳ್ಳೆಯದಲ್ಲ.

"ಆದರೆ" ಬಗ್ಗೆ ಹುಷಾರು. ನನ್ನ ಗೆಳೆಯನೊಬ್ಬ ಹವ್ಯಾಸಿ ತಂಡದಲ್ಲಿ ನಾಟಕ ಮಾಡುತ್ತಾನೆ. ಜೆ.ಸಿ. ರಸ್ತೆಯ ಕಲಾಕ್ಷೇತ್ರದಲ್ಲಿ ಶೋ ಮುಗಿದು, ಅರ್ಧ ಬಣ್ಣ ಒರೆಸಿಕೊಂಡು ಹೊರಗೆ ಬಂದವನೇ "ಹೇಗಿತ್ತೋ?" ಅಂದ. ನಾನು "ಚೆನ್ನಾಗಿತ್ತು, ಆದ್ರೆ ಎರಡನೇ ಅರ್ಧ ಸ್ವಲ್ಪ ಎಳೀತು" ಅಂದೆ. ಅವನ ಮುಖ ಇಳಿಯಿತು. "ಚೆನ್ನಾಗಿತ್ತು" ಅವನ ಕಿವಿಗೆ ಬೀಳಲೇ ಇಲ್ಲ, ಮತ್ತೆ "ಎಳೀತು" ಅನ್ನೋದನ್ನು ತೆಗೆದುಕೊಂಡು ಅವನು ಏನು ಮಾಡಬೇಕು? ಅಷ್ಟರಲ್ಲಿ ಹಿರಿಯ ನಟರೊಬ್ಬರು ಬಂದು, "ಕಾಗದ ಓದೋ ಸೀನಲ್ಲಿ ಬೆಳಕು ನಿಮ್ಮ ಬೆನ್ನಿಗೆ ಬೀಳ್ತಿತ್ತು, ಮುಖ ಕಾಣ್ಲಿಲ್ಲ" ಅಂದರು. ಇವನು ತಕ್ಷಣ, "ಹೌದಾ ಸಾರ್? ಎಷ್ಟು ಹೆಜ್ಜೆ ಮುಂದೆ ಬರ್ಲಿ?" ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಹೆಜ್ಜೆ ಅಳೆಯೋಕೆ ಶುರು ಮಾಡಿದರು. ನಾನು ಕಾಫಿ ತರುತ್ತೇನೆ ಅಂತ ಜಾಗ ಖಾಲಿ ಮಾಡಿದೆ. ನನ್ನದು ಅಭಿಪ್ರಾಯ ಆಗಿತ್ತು, ಅವರದು ಕೆಲಸಕ್ಕೆ ಬರೋ ಮಾತು. ಯಾವ ಸೀನು, ಏನು ಕಾಣಲಿಲ್ಲ, ಇಷ್ಟೇ ವ್ಯತ್ಯಾಸ.

ಈ ಕೆಲಸಕ್ಕೆ ಬರೋ ಮಾತಿಗೆ ಪತ್ರಿಕೆಯವರು "ರಚನಾತ್ಮಕ ಟೀಕೆ" ಅನ್ನುತ್ತಾರೆ, ಆಫೀಸಿನವರು "ಫೀಡ್‌ಬ್ಯಾಕ್" ಅನ್ನುತ್ತಾರೆ. ಜನ ಅನ್ನೋದು "ತಿದ್ದೋದು". "ತಪ್ಪಿದ್ರೆ ತಿದ್ದಿ" ಅಂತೀವಲ್ಲ. ಮಗು ಅಕ್ಷರ ಕಲಿಯೋದನ್ನೂ ತಿದ್ದೋದು ಅಂತಲೇ ಕರೆಯುತ್ತೇವೆ. ಮೇಷ್ಟ್ರು ಸ್ಲೇಟಿನ ಮೇಲೆ ಒಂದು ಅ ಬರೆದುಕೊಡುತ್ತಾರೆ, ಮಗು ಅದರ ಮೇಲೇ ಬಳಪ ಆಡಿಸುತ್ತದೆ. ಯಾರಾದರೂ ತಮ್ಮ ಬರಹ ಕೊಟ್ಟು "ಒಂದ್ಸಲ ತಿದ್ದಿಕೊಡಿ" ಅಂದರೆ ಅವರು ಕೇಳ್ತಿರೋದು ಅದನ್ನೇ, ಸರಿಯಾದ ಗೆರೆಯನ್ನು. ಗೆರೆ ಎಳೆದುಕೊಡೋಕೆ ಬಾರದಿದ್ದರೆ "ನಂಗೆ ಅಷ್ಟು ಗೊತ್ತಾಗಲ್ಲ" ಅಂತ ಹೇಳಿ ವಾಪಸ್ ಕೊಡಿ, ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ.

ಟೀಕೆ ನಿಮ್ಮ ಮೇಲೇ ಬಂದಾಗ? ನಾನು ಮಾಡೋದು ಒಂದೇ, "ಎಲ್ಲಿ?" ಅಂತ ಕೇಳುತ್ತೇನೆ. "ನಿಮ್ಮ ಅನುವಾದ ಸರಿ ಇಲ್ಲ" ಅಂದವರಿಗೆ "ಯಾವ ಸಾಲು ಸಾರ್?" ಸಾಲು ತೋರಿಸಿದರೆ ಅವರು ಓದಿದ್ದಾರೆ, ಕೂತು ಕೇಳಬೇಕು. ತೋರಿಸದೆ "ಎಲ್ಲಾ ಹಾಗೇ ಇದೆ" ಅಂದರೆ ಕಾಫಿ ಕುಡಿದು ಎದ್ದು ಬರಬಹುದು. ಕನ್ನಡದಲ್ಲಿ ಈಗ ಸಿಗುವ ಅತಿ ಹಳೆಯ ಕೃತಿ ಒಂಬತ್ತನೇ ಶತಮಾನದ ಕವಿರಾಜಮಾರ್ಗ, ಅದರ ಮೊದಲ ಭಾಗವೇ ಕಾವ್ಯದ ದೋಷಗಳ ವಿಚಾರ. ಅಲ್ಲಿ ಒಂದು ಹೋಲಿಕೆ ಬರುತ್ತದೆ, ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣದ ಹಾಗೆ ಮನುಷ್ಯ ತನ್ನ ದೋಷ ತಾನು ಕಾಣಲಾರ ಅಂತ. ಕಾಡಿಗೆ ಕೆನ್ನೆಗೆ ಹರಿದಿದೆ ಅಂತ ಹೇಳೋಕೆ ಎದುರಿಗೆ ಒಬ್ಬರು ಬೇಕು. ಅವರು ನಗುತ್ತ ಹೇಳಿದರೂ ಕಾಡಿಗೆ ಹರಿದಿರೋದಂತೂ ನಿಜ, ಮೊದಲು ಒರೆಸಿಕೊಳ್ಳಿ, ಜಗಳ ಆಮೇಲೆ ಆಡಬಹುದು.

ಅಂದ ಹಾಗೆ ಆ ಪೆಟ್ಟಿಗೆಯ ಹೆಸರು ಬದಲಾಯಿತು. ನಾನು "ಸಲಹೆ, ದೂರು" ಅಂತ ಬರೆಸು ಅಂದೆ. ಬೈಗುಳ ಕಡಿಮೆ ಆಗಿದೆಯಂತೆ. ಮೊನ್ನೆ ತಂಗಿ ಇನ್ನೊಂದು ಚೀಟಿಯ ಫೋಟೋ ಕಳಿಸಿ, "ಅಣ್ಣಾ, ಇದು ಟೀಕೆನಾ, ವಿಮರ್ಶೆನಾ, ದೂರಾ?" ಅಂತ ಕೇಳಿದಳು. ಚೀಟಿಯಲ್ಲಿ ಬರೆದಿತ್ತು: "ತಿಳಿಸಾರು ತುಂಬಾ ತಿಳಿಯಾಗಿದೆ."

ಅಡುಗೆಯವರಿಗೆ ಮೆಚ್ಚುಗೆ ಅಂತ ತೋರಿಸು ಅಂದೆ.